ಯಾರೂ ಕೇಳದ ಕೆಲಸಗಳು



ಆತಂಕದ ಮಾತು ಬಂದಾಗ ನಾವು ಸಾಮಾನ್ಯವಾಗಿ ಹೆದರಿಕೆಯ ವಿಷಯಗಳನ್ನೇ ಆಡುತ್ತೇವೆ. ಪರೀಕ್ಷೆ, ಮನೆಸಾಲದ ಕಂತು, ರಿಪೋರ್ಟಿನಲ್ಲಿ ಏನು ಬರುತ್ತದೋ ಎಂಬ ದಿಗಿಲು, ಹೊತ್ತಾದರೂ ಮನೆಗೆ ಬಾರದ ಮಗ. ಇವತ್ತು ನಾನು ಆಡಬೇಕೆಂದಿರುವುದು ಇಷ್ಟದ ವಿಷಯಗಳನ್ನು. ಸಂಜೆ ಕೆರೆಯ ಕಡೆ ಒಂದು ನಡಿಗೆ, ಎಂದೋ ಕಲಿತು ಬಿಟ್ಟ ವೀಣೆ, ಬಾಗಿಲ ಮುಂದಿನ ಚುಕ್ಕಿ ರಂಗೋಲಿ, ಒಂದು ನಾಟಕ, ಒಂದು ಕಛೇರಿ, ಗೆಳತಿಯ ಮನೆಯ ಕಾಫಿ. ಆತಂಕ ಒಬ್ಬರ ಬದುಕಿನೊಳಕ್ಕೆ ಬಂದಾಗ ಮೊದಲು ಹೊರಗೆ ಹೋಗುವುದು ಇವೇ. ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಕಳೆದುಕೊಂಡವರಿಗೂ ಗೊತ್ತಾಗುವುದಿಲ್ಲ.

ನಾನು ವೈದ್ಯಳಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಅಂಜನಾಪುರದಲ್ಲಿ ಮನೆ ಮಾಡಿಕೊಂಡಿರುವ, ಬಹಳ ವರ್ಷದಿಂದ ಆತಂಕದೊಡನೆ ಏಗುತ್ತಿರುವ ಹೆಂಗಸು. ಚಿಕಿತ್ಸೆ ಪಡೆದಿದ್ದೇನೆ, ಪುಸ್ತಕ ಓದಿದ್ದೇನೆ, ನನ್ನಂಥವರ ಜೊತೆ ಕೂತು ಮಾತಾಡಿದ್ದೇನೆ. ಆ ಬಲದ ಮೇಲೆ ಈ ಮಾತು.

ಆತಂಕ ಇರುವವರು ಸೋಮಾರಿಗಳು ಎಂದುಕೊಂಡವರಿದ್ದಾರೆ. ನಾನು ಕಂಡಿರುವುದು ಅದರ ತದ್ವಿರುದ್ಧ. ಇವರು ನಸುಕಿನಲ್ಲೇ ಎದ್ದು ಡಬ್ಬಿ ಕಟ್ಟುತ್ತಾರೆ. ಕರೆಂಟು ಬಿಲ್ಲನ್ನು ಕಡೇ ದಿನದವರೆಗೆ ಬಿಡುವುದಿಲ್ಲ. ಆಫೀಸಿನ ಕಾಗದವನ್ನು ಎರಡೆರಡು ಸಲ ಓದಿ ಕಳಿಸುತ್ತಾರೆ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊಟ್ಟೆ ತೊಳಸುತ್ತಿದ್ದರೂ ಹೋಗಿ, ಉಡುಗೊರೆ ಕೊಟ್ಟು, ಊಟ ಸೇರದೆ ಎದ್ದು ಬರುತ್ತಾರೆ. ಮಾಡಬೇಕಾದದ್ದನ್ನೆಲ್ಲ ಮಾಡುತ್ತಾರೆ. ಆದ್ದರಿಂದಲೇ ಮನೆಯವರ ಕಣ್ಣಿಗೆ ಅವರು ಚೆನ್ನಾಗಿಯೇ ಇದ್ದಾರೆ.

ಮಾಡಬೇಕಾದ ಕೆಲಸಗಳೆಲ್ಲ ಹೀಗೆ ಉಳಿದುಕೊಂಡು, ಇಷ್ಟದ ಕೆಲಸಗಳೇ ಯಾಕೆ ಜಾರಿಹೋಗುತ್ತವೆ? ಇದನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ. ನನಗೆ ಸಿಕ್ಕ ಉತ್ತರ ಇಷ್ಟು: ಅಡುಗೆ ಆಗದಿದ್ದರೆ ಕೇಳುವವರಿದ್ದಾರೆ, ಬಿಲ್ಲು ಕಟ್ಟದಿದ್ದರೆ ಕೇಳುವವರಿದ್ದಾರೆ, ಆಫೀಸಿಗೆ ಹೋಗದಿದ್ದರೆ ಫೋನು ಬರುತ್ತದೆ. ವೀಣೆ ಮುಟ್ಟದಿದ್ದರೆ ಯಾರೂ ಕೇಳುವುದಿಲ್ಲ. ಆತಂಕಕ್ಕೆ ಹೇಗೂ ಬದುಕಿನಲ್ಲಿ ಎಲ್ಲಿಂದಲಾದರೂ ಜಾಗ ಬೇಕು. ಯಾರೂ ತಕರಾರು ಮಾಡದ ಕಡೆಯಿಂದ ಅದು ಜಾಗ ತೆಗೆದುಕೊಳ್ಳುತ್ತದೆ.

ನಮ್ಮ ಅಂಜನಾಪುರದಂಥ ಬಡಾವಣೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಹೆಚ್ಚಿನವರು ಇಲ್ಲಿಗೆ ಬಂದದ್ದು ಹನುಮಂತನಗರ, ಚಾಮರಾಜಪೇಟೆ, ಬಸವನಗುಡಿಯ ಬಾಡಿಗೆ ಮನೆಗಳಿಂದ. ಅರ್ಜಿ ಮೇಲೆ ಅರ್ಜಿ ಹಾಕಿ ಬಿಡಿಎ ಸೈಟು ಪಡೆದು, ನಿವೃತ್ತಿಯ ದುಡ್ಡು ಸೇರಿಸಿ ಕಟ್ಟಿಸಿದ ಸ್ವಂತ ಮನೆ. ಆ ಮನೆ ಕೊಟ್ಟ ನೆಮ್ಮದಿಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಹಳೆಯ ವಠಾರದಲ್ಲಿ ನಾಲ್ಕು ಗಂಟೆಗೆ ಬಾಗಿಲ ಹತ್ತಿರ ನಿಂತು “ಬರ್ತೀರೇನ್ರೀ?” ಎಂದು ಕರೆಯುತ್ತಿದ್ದ ಒಂದು ಗಂಟಲು ಇರುತ್ತಿತ್ತು. ದೇವಸ್ಥಾನಕ್ಕೋ ಮಾರ್ಕೆಟ್ಟಿಗೋ ಹರಿಕಥೆಗೋ, ಎಲ್ಲಿಗಾದರೂ. ಇಲ್ಲಿ ಕಾಂಪೌಂಡು, ಗೇಟು, ಪಕ್ಕದಲ್ಲಿ ಕಾಂಗ್ರೆಸ್ ಗಿಡ ಬೆಳೆದ ಖಾಲಿ ಸೈಟು, ಅದರಾಚೆ ಇನ್ನೊಂದು ಮನೆಯ ಗೇಟು. ಕತ್ತಲಾದರೆ ಬೀದಿನಾಯಿಗಳ ಹೆದರಿಕೆ. ಮಕ್ಕಳು ಹೊರದೇಶದಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ. ಗಾಂಧಿಬಜಾರಿಗೆ ಹೋಗಿಬರಬೇಕೆಂದರೆ ಕನಕಪುರ ರಸ್ತೆಯ ಟ್ರಾಫಿಕ್ಕನ್ನು ನೆನೆದೇ ಸುಸ್ತು. ಮನೆಯಲ್ಲೇ ಇದ್ದುಬಿಡುವುದಕ್ಕೆ ಇಲ್ಲಿ ಕಾರಣಗಳನ್ನು ಹುಡುಕಬೇಕಾಗಿಲ್ಲ, ಎಲ್ಲವೂ ನಿಜವಾದ ಕಾರಣಗಳೇ. ಆತಂಕ ಈ ನಿಜಗಳ ಹಿಂದೆ ಅಡಗಿ ಕೂರುತ್ತದೆ.

ನಮ್ಮ ಬ್ಲಾಕಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ವಯಸ್ಸಿನಲ್ಲಿ ನಾಟಕದ ಹುಚ್ಚು. ಜೆ.ಪಿ. ನಗರದಲ್ಲಿ 2004ರಲ್ಲಿ ರಂಗಶಂಕರ ಶುರುವಾದಾಗ, ಇಷ್ಟು ಹತ್ತಿರದಲ್ಲಿ ರಂಗಮಂದಿರ ಬಂತಲ್ಲ ಎಂದು ಕುಣಿದಾಡಿದವರು. ಈಗ ಟಿಕೆಟ್ಟು ತೆಗೆದುಕೊಂಡಿರುತ್ತಾರೆ, ಇಸ್ತ್ರಿ ಅಂಗಿ ಹಾಕಿಕೊಂಡಿರುತ್ತಾರೆ, ಐದೂವರೆ ಹೊತ್ತಿಗೆ ಎದೆ ಡವಗುಟ್ಟಲು ಶುರು. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ? ರಂಗಶಂಕರದಲ್ಲಿ ಸಮಯಕ್ಕೆ ಸರಿಯಾಗಿ ನಾಟಕ ಶುರುವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಹೋಗಿ ಬಾಗಿಲಲ್ಲಿ ನಿಂತರೆ? ಒಳಗೆ ಹೋದ ಮೇಲೆ ನಡುವೆ ತಲೆ ಸುತ್ತಿ ಬಂದು ಏಳಬೇಕಾದರೆ? ಆರು ಗಂಟೆಗೆ, “ಇವತ್ತು ಬೇಡ ಬಿಡು, ಮನಸ್ಸೇ ಇಲ್ಲ” ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. ಆ ಕ್ಷಣದಲ್ಲಿ ಮೈ ಹಗುರವಾಗುತ್ತದೆ. ಎದೆಬಡಿತ ಇಳಿಯುತ್ತದೆ. ಕಾಫಿ ರುಚಿಸುತ್ತದೆ.

ಈ ಹಗುರವೇ ಇಡೀ ಕಥೆಯ ಕೀಲು. ಅದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಒಂದು ಕೆಲಸ ಮಾಡಿದ ತಕ್ಷಣ ಸಂಕಟ ಕಡಿಮೆಯಾದರೆ, ಮುಂದಿನ ಸಲವೂ ಅದನ್ನೇ ಮಾಡಲು ನಮ್ಮ ಮಿದುಳು ಕಲಿಯುತ್ತದೆ. ಇಲ್ಲಿ ಮೇಷ್ಟ್ರು ಮಾಡಿದ ಕೆಲಸ ಯಾವುದು? ನಾಟಕ ಬಿಟ್ಟದ್ದು. ಬಿಟ್ಟದ್ದಕ್ಕೆ ಸಿಕ್ಕ ಸಮಾಧಾನ ನಿಜವಾದದ್ದು, ತಕ್ಷಣದ್ದು. ಹೋಗಿದ್ದರೆ ಸಿಗಬಹುದಾಗಿದ್ದ ಸಂತೋಷ ಎರಡು ಗಂಟೆ ದೂರದಲ್ಲಿತ್ತು, ಅದೂ ಬರೀ ಸಾಧ್ಯತೆ. ಹತ್ತಿರದ ಸಮಾಧಾನ ಪ್ರತಿ ಸಲವೂ ಗೆಲ್ಲುತ್ತದೆ. ಹೀಗೆ ಕೆಲವು ಸಲ ಆದ ಮೇಲೆ ಟಿಕೆಟ್ಟು ಕೊಳ್ಳುವಾಗಲೇ ಎದೆ ಡವಗುಟ್ಟುತ್ತದೆ. ಇನ್ನೂ ಕೆಲವು ಸಲ ಆದ ಮೇಲೆ, “ನನಗೀಗ ನಾಟಕದಲ್ಲಿ ಆಸಕ್ತಿ ಇಲ್ಲ” ಎಂಬ ಮಾತು ಬಾಯಿಗೆ ಬರುತ್ತದೆ. ಮೇಷ್ಟ್ರು ಹಾಗೆ ಹೇಳಿದಾಗ ನಾನು ನಂಬಲಿಲ್ಲ. ಅವರು ಆ ಮಾತನ್ನು ಮುಗಿಸಿ, ಮುಂದಿನ ಅರ್ಧ ಗಂಟೆ ನಾಟಕದ ಬಗ್ಗೆಯೇ ಮಾತಾಡಿದ್ದರು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಡೆ ಇದೆ. ನಮ್ಮ ಮನೆಗಳಲ್ಲಿ ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರೆ ಅಜ್ಜಿಯರು ಹೇಳುವುದುಂಟು: “ಅಷ್ಟೊಂದು ನಗಬೇಡ್ರೋ, ಆಮೇಲೆ ಅಳಬೇಕಾಗುತ್ತೆ.” ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಆತಂಕದ ಮನಸ್ಸು ಇದನ್ನು ಶಾಸನದ ಹಾಗೆ ಇಟ್ಟುಕೊಳ್ಳುತ್ತದೆ. ಖುಷಿಯಾಗಿರುವಾಗ ಕೆಟ್ಟ ಸುದ್ದಿ ಬಂದರೆ ಪೆಟ್ಟು ಜೋರು. ಮೊದಲೇ ಕಳವಳದಲ್ಲಿದ್ದರೆ ಪೆಟ್ಟು ಅಷ್ಟು ತಾಗುವುದಿಲ್ಲ. ಆದ್ದರಿಂದ ಕಳವಳದಲ್ಲೇ ಇರುವುದು ಕ್ಷೇಮ. ಅಮೆರಿಕದ ಮನೋವಿಜ್ಞಾನಿಗಳಾದ ಮಿಶೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ 2011ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಸದಾ ಚಿಂತಿಸುವವರು ಹೆದರುವುದು ಸುಖದಿಂದ ದುಃಖಕ್ಕೆ ದಿಢೀರನೆ ಬೀಳುವ ಆ ಬೀಳುವಿಕೆಗೆ, ಅದಕ್ಕೇ ಅವರು ಚಿಂತೆಯನ್ನು ಬಿಡಲೊಲ್ಲರು ಎಂಬುದು ಅದರ ತಿರುಳು. ಇದನ್ನು ಓದಿದ ದಿನ ನನಗೆ ನನ್ನ ಬಗ್ಗೆ ಬಹಳಷ್ಟು ಅರ್ಥವಾಯಿತು. ಮಗಳ ಜೊತೆ ನಗುತ್ತಿರುವಾಗ ಇದ್ದಕ್ಕಿದ್ದಂತೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎದ್ದು ಹೋಗುತ್ತಿದ್ದೆ. ಆ ನಗು ನನಗೆ ಕಾವಲಿಲ್ಲದ ಬಾಗಿಲಿನಂತೆ ಕಾಣುತ್ತಿತ್ತು.

ಇಂಥ ಮನಸ್ಸನ್ನು ಇಟ್ಟುಕೊಂಡು, “ಮನಸ್ಸು ಬಂದಾಗ ಮಾಡೋಣ” ಎಂದು ಕಾದರೆ ಏನಾಗುತ್ತದೆ? ಮನಸ್ಸು ಬರುವುದೇ ಇಲ್ಲ. ಅಮೆರಿಕದ ಆರೆಗನ್‌ನಲ್ಲಿ ಪೀಟರ್ ಲೆವಿನ್ಸನ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಖಿನ್ನತೆಯ ಬಗ್ಗೆ ಕೆಲಸ ಮಾಡುತ್ತ ಈ ವಿಷಯವನ್ನು ಹಿಡಿದರು. ಮನಸ್ಸು ಸರಿಹೋದ ಮೇಲೆ ಜನ ಇಷ್ಟದ ಕೆಲಸಗಳಿಗೆ ಮರಳುತ್ತಾರೆ ಎಂದುಕೊಂಡಿದ್ದ ಕಾಲ ಅದು. ಅವರು ಕ್ರಮವನ್ನು ತಿರುಗಿಸಿದರು: ಮೊದಲು ಕೆಲಸ, ಆಮೇಲೆ ಮನಸ್ಸು. ಸಣ್ಣಪುಟ್ಟ ಸಂತೋಷಗಳ 320 ಬಾಬ್ತುಗಳ ಒಂದು ಪಟ್ಟಿಯನ್ನೇ ಅವರೂ ಅವರ ಜೊತೆಗಾರರೂ ಮಾಡಿದರು. ಆ ವಿಧಾನ ಬೆಳೆದು ಇವತ್ತು ಖಿನ್ನತೆಯ ಒಪ್ಪಿತ ಚಿಕಿತ್ಸೆಗಳಲ್ಲಿ ಒಂದಾಗಿದೆ, ಆತಂಕದವರಿಗೂ ಬಳಸುತ್ತಾರೆ. ಅದಕ್ಕೂ ಅರ್ಧ ಶತಮಾನ ಮುಂಚೆ ಜಪಾನಿನಲ್ಲಿ ಶೋಮಾ ಮೊರಿಟಾ ಎಂಬ ವೈದ್ಯರು, ಯೌವನದಲ್ಲಿ ತಾವೇ ಆತಂಕದಿಂದ ನರಳಿದವರು, ರೋಗಿಗಳಿಗೆ ಹೇಳುತ್ತಿದ್ದದ್ದೂ ಹತ್ತಿರಹತ್ತಿರ ಇದೇ: ಭಯ ಇದ್ದರೆ ಇರಲಿ, ಅದನ್ನು ಓಡಿಸುವ ಕೆಲಸ ಬೇಡ, ಕೈಯಲ್ಲಿರುವ ಕೆಲಸ ಮಾಡಿ. ನಮ್ಮೂರ ಹಳೆಯ ಕೈಪಂಪಿಗೆ ನೀರು ಬರಬೇಕಾದರೆ ಮೊದಲು ಮೇಲಿನಿಂದ ಒಂದು ಚೊಂಬು ನೀರು ಹೊಯ್ಯಬೇಕಿತ್ತು. ಇಷ್ಟದ ಕೆಲಸಕ್ಕೂ ಆ ಮೊದಲ ಚೊಂಬನ್ನು ನಾವೇ ಹೊಯ್ಯಬೇಕು, ಬಾಯಾರಿದವರೇ ಹೊಯ್ಯಬೇಕು. ಅದು ಅನ್ಯಾಯ ಅನ್ನಿಸಬಹುದು. ನನಗೂ ಅನ್ನಿಸಿದೆ.

ಆ ಮೊದಲ ಚೊಂಬು ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಮನಸ್ಸನ್ನು ಗಟ್ಟಿ ಮಾಡಿಕೋ ಎಂದು ಹೇಳುವವರು ಬಹಳ. ಗಟ್ಟಿ ಮಾಡಿಕೊಳ್ಳುವ ಮನಸ್ಸೇ ಕಾಯಿಲೆ ಬಿದ್ದಿರುವಾಗ ಆ ಮಾತಿನಿಂದ ಪ್ರಯೋಜನವಿಲ್ಲ. ನನ್ನ ಅನುಭವದಲ್ಲಿ ಕೆಲಸಕ್ಕೆ ಬಂದದ್ದು ಮನಸ್ಸಿನ ಹೊರಗಿರುವ ಮೂರು ಸಂಗತಿಗಳು: ಒಂದು ಗೊತ್ತಾದ ಹೊತ್ತು, ಕೈಗೆ ಸಿಗುವ ಜಾಗದಲ್ಲಿ ಸಾಮಾನು, ಮತ್ತು ಕೇಳುವ ಒಬ್ಬ ಮನುಷ್ಯ.

ಹೊತ್ತಿನ ವಿಷಯಕ್ಕೆ ನನಗೆ ಮಾಸ್ತಿಯವರು ನೆನಪಾಗುತ್ತಾರೆ. ಅಷ್ಟು ದೊಡ್ಡ ಕತೆಗಾರ, ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡುತ್ತಿದ್ದರು. ಇಳಿವಯಸ್ಸಿನವರೆಗೂ ಅದನ್ನು ನಡೆಸಿಕೊಂಡು ಬಂದರು. ಅವರಿಗೆ ಆತಂಕವಿತ್ತೆಂದು ನಾನು ಹೇಳುತ್ತಿಲ್ಲ. ಸಂತೋಷವನ್ನು ಅಪ್ಪಣೆಗಾಗಿ ಕಾಯಿಸದೆ, ಊಟ ಸ್ನಾನದಂತೆ ಅದಕ್ಕೊಂದು ಹೊತ್ತು ಕೊಟ್ಟವರು ಅವರು. ಎಲ್ಲ ಕೆಲಸ ಮುಗಿದ ಮೇಲೆ, ಎಲ್ಲ ಚಿಂತೆ ತೀರಿದ ಮೇಲೆ ಸಂತೋಷ ಎಂದುಕೊಂಡವರಿಗೆ ಆ ‘ಮೇಲೆ’ ಎಂಬುದು ಬರುವುದೇ ಇಲ್ಲ.

ಈ ಮಾತನ್ನು ಬಾನುಲಿಯಲ್ಲಿ ಆಡುತ್ತಿರುವುದರಿಂದ ಇನ್ನೊಬ್ಬರನ್ನೂ ನೆನೆಯಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ಆಕಾಶವಾಣಿಯನ್ನು ಶುರುಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದದ್ದು ಮನಶ್ಶಾಸ್ತ್ರವನ್ನೇ. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ ಅದು, ಅವರ ಇಷ್ಟದ ಕೆಲಸ. ಆದರೆ ಬಾನುಲಿಗೆ ಒಂದು ಗುಣವಿದೆ. ಹೊತ್ತಾಯಿತೆಂದರೆ ಶುರುವಾಗಲೇಬೇಕು, ಏಕೆಂದರೆ ಆ ಕಡೆ ಯಾರೋ ಕಿವಿಗೊಟ್ಟು ಕೂತಿರುತ್ತಾರೆ. ಇಷ್ಟಕ್ಕೆ ಹೊತ್ತೂ ಕೇಳುಗರೂ ಸೇರಿದಾಗ ಅದು ನಡೆಸಿದವರ ಆ ಹೊತ್ತಿನ ಮನಃಸ್ಥಿತಿಗೆ ಕಟ್ಟುಬೀಳುವುದಿಲ್ಲ.

ನನ್ನ ವೀಣೆಯ ವಿಷಯ ಹೇಳುತ್ತೇನೆ. ಅದು ಬಹಳ ಕಾಲ ಮಂಚದ ಕೆಳಗೆ, ಗವುಸಿನೊಳಗೆ ಇತ್ತು. ನುಡಿಸಬೇಕು ಅನ್ನಿಸಿದರೂ ಅದನ್ನು ಎಳೆದು, ಧೂಳು ಒರೆಸಿ, ಗವುಸು ತೆಗೆದು, ಶ್ರುತಿ ಮಾಡಿ, ಅಷ್ಟರಲ್ಲಿ ಎದೆಯೊಳಗಿನ ಧ್ವನಿ ನೂರು ಅಡ್ಡಿ ಹೇಳಿಬಿಡುತ್ತಿತ್ತು. ಬೆರಳು ಒರಟಾಗಿದೆ, ಮೇಳಕರ್ತ ಮರೆತಿದೆ, ಪಕ್ಕದ ಮನೆಯವರು ಏನೆಂದುಕೊಂಡಾರು. ಒಂದು ದಿನ ಅದನ್ನು ಗವುಸಿನಿಂದ ತೆಗೆದು ನಡುಮನೆಯ ಚಾಪೆಯ ಮೇಲೆ ಇಟ್ಟುಬಿಟ್ಟೆ. ಓಡಾಡುವಾಗ ಸುತ್ತಿಕೊಂಡು ಹೋಗಬೇಕು, ಅಷ್ಟು ಅಡ್ಡ. ನುಡಿಸಲೇಬೇಕೆಂಬ ನಿಯಮ ಇಟ್ಟುಕೊಳ್ಳಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅದರ ಮುಂದೆ ಕೂರಬೇಕು, ಸಾರಣೆಯ ತಂತಿ ಮೀಟಬೇಕು, ಬೇಕಾದರೆ ಎದ್ದುಬಿಡಬಹುದು. ಎಷ್ಟೋ ದಿನ ಎದ್ದೂಬಿಟ್ಟಿದ್ದೇನೆ. ಕೂತ ದಿನಗಳೂ ಇವೆ. ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಕಾಂಪೌಂಡಿನಾಚೆಯಿಂದ, “ಆಂಟಿ, ನಿನ್ನೆ ಯಾಕೆ ನುಡಿಸ್ಲಿಲ್ಲ?” ಎಂದು ಕೇಳಿದಳು. ನನ್ನ ಇಷ್ಟವನ್ನು ಕೇಳುವ ಒಬ್ಬಳು ಸಿಕ್ಕಿದ್ದಳು. ಆ ಪ್ರಶ್ನೆ ನನಗೆ ಮಾಡಿದ ಉಪಕಾರ ಬಹಳ ದೊಡ್ಡದು.

ಕೇಳುವ ಮನುಷ್ಯ ತಾನಾಗಿ ಸಿಗದಿದ್ದರೆ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಕೆಲವರು ಬೆಳಿಗ್ಗೆ ಆಲಹಳ್ಳಿ ಕೆರೆಯ ಕಡೆ ಹೋಗುತ್ತಾರೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಗೇಟಿನ ಹತ್ತಿರ ನಿಂತು ಫೋನು ಮಾಡುತ್ತಾರೆ. ‘ವ್ಯಾಯಾಮ’ ಎಂದು ಕರೆಯುವುದಿಲ್ಲ, ಹಾಗೆಂದರೆ ಅದೂ ಒಂದು ಪರೀಕ್ಷೆಯಾಗಿಬಿಡುತ್ತದೆ. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ನೋಡಲು, ಗುಳುಮುಳುಕ ಮುಳುಗಿದ್ದು ಎಲ್ಲಿ ಏಳುತ್ತದೆ ಎಂದು ಪಂಥ ಕಟ್ಟಲು ಹೋಗುವುದು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕ ಒಬ್ಬರ ಚೀಲದಲ್ಲಿ ಇರುತ್ತದೆ. ಹಕ್ಕಿಯನ್ನು ಹುಡುಕುವ ಕಣ್ಣು ಹೊರಗೆ ನೋಡುತ್ತಿರುತ್ತದೆ. ಅಷ್ಟು ಹೊತ್ತು ಅದು ನನ್ನ ನಾಡಿಯನ್ನು ಎಣಿಸುತ್ತಿರುವುದಿಲ್ಲ.

ನಾಡಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಜೋರಾಗಿ ನಡೆದರೆ, ಷಟಲ್ ಆಡಿದರೆ, ಮೆಟ್ಟಿಲು ಹತ್ತಿದರೆ ಯಾರಿಗಾದರೂ ಎದೆ ಬಡಿದುಕೊಳ್ಳುತ್ತದೆ, ಬೆವರು ಬರುತ್ತದೆ. ಗಾಬರಿಯ ಹೊಡೆತ ಒಮ್ಮೆ ಅನುಭವಿಸಿದವರಿಗೆ ಇವೇ ಲಕ್ಷಣಗಳು ಹಾರ್ಟ್ ಅಟ್ಯಾಕ್ ಎಂಬ ಎಚ್ಚರಿಕೆಯಾಗಿ ಕಾಣುತ್ತವೆ. ಆಟವೇ ಬೇಡ ಎನ್ನಿಸುತ್ತದೆ. ಒಮ್ಮೆ ವೈದ್ಯರ ಹತ್ತಿರ ಹೋಗಿ ಹೃದಯವನ್ನೂ ಥೈರಾಯ್ಡನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಹೆಚ್ಚಾದರೆ ಆತಂಕದಂಥದೇ ನಡುಕ, ಎದೆಬಡಿತ ಬರುವುದುಂಟು. ಎಲ್ಲ ಸರಿಯಿದೆ ಎಂದ ಮೇಲೆ ನಿಧಾನವಾಗಿ ಶುರುಮಾಡಿ. ಎದೆ ಬಡಿದುಕೊಂಡು ತಾನಾಗಿ ಇಳಿಯುವುದನ್ನು ಮೈ ಮತ್ತೆಮತ್ತೆ ಕಂಡು ಕಲಿಯಬೇಕು. ಬರೀ ಮಾತಿನಿಂದ ಅದು ಕಲಿಯುವುದಿಲ್ಲ.

2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಈ ಕಡೆ, ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಮೆಟ್ರೋದ ಹಸಿರು ಮಾರ್ಗ ಬಂತು. ಟ್ರಾಫಿಕ್ಕಿನ ನೆಪ ನಮ್ಮಲ್ಲಿ ಅನೇಕರಿಗೆ ಅರ್ಧಕ್ಕರ್ಧ ಕಡಿಮೆಯಾಯಿತು. ಆದರೆ ನನಗೆ ಗೊತ್ತಿರುವ ಒಬ್ಬ ಹಿರಿಯ ಹೆಂಗಸಿಗೆ ಬಾಗಿಲು ಮುಚ್ಚಿಕೊಳ್ಳುವ ಆ ರೈಲೇ ಭಯ. ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಶ್ರೀರಾಮಸೇವಾ ಮಂಡಲಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವವನ್ನು ಫ್ರಾಕಿನ ವಯಸ್ಸಿನಿಂದ ಕೇಳಿದವರು. ಕೋಟೆ ಹೈಸ್ಕೂಲು ಮೈದಾನದ ಚಪ್ಪರ, ಪಾನಕ, ಕೋಸಂಬರಿ, ಆ ಕಛೇರಿಗಳು ಇಲ್ಲದ ಚೈತ್ರ ಅವರಿಗೆ ಚೈತ್ರವೇ ಅಲ್ಲ. ಆದರೂ ಹಲವು ಚೈತ್ರ ಹಾಗೇ ಕಳೆದಿದ್ದವು.

ಅವರು ಮಾಡಿದ್ದು ಇದು. ಮೊದಲು ಸೊಸೆಯ ಜೊತೆ ವಾಜರಹಳ್ಳಿಯಲ್ಲಿ ಹತ್ತಿ ದೊಡ್ಡಕಲ್ಲಸಂದ್ರದಲ್ಲಿ ಇಳಿದರು. ಒಂದೇ ನಿಲ್ದಾಣ. ವಾಪಸು ಬಂದರು. ಮೈ ನಡುಗಿತು, ಏನೂ ಆಗಲಿಲ್ಲ. ಅದನ್ನೇ ಬೇಸರ ಬರುವವರೆಗೆ ಮಾಡಿದರು. ನಡುಕದ ಜಾಗಕ್ಕೆ ಬೇಸರ ಬರುವುದೇ ಮುಂದಿನ ಹೆಜ್ಜೆಗೆ ಸರಿಯಾದ ಹೊತ್ತು. ಆಮೇಲೆ ಜಯನಗರದವರೆಗೆ, ಕಾಂಪ್ಲೆಕ್ಸಿನಲ್ಲಿ ಒಂದು ಮೊಳ ಹೂವು ಕೊಂಡು ಬರಲು. ಆಮೇಲೆ ಲಾಲ್‌ಬಾಗು. ಕೊನೆಗೆ ನ್ಯಾಷನಲ್ ಕಾಲೇಜು. ಅಲ್ಲಿಂದ ಮುಂದೆ ಮೆಟ್ರೋ ನೆಲದೊಳಕ್ಕೆ ಇಳಿಯುತ್ತದೆ, ಮುಂದಿನ ಮಾರುಕಟ್ಟೆ ನಿಲ್ದಾಣ ಸುರಂಗದಲ್ಲಿದೆ. ಅದು ನನ್ನಿಂದಾಗದು ಎಂದರು. ನ್ಯಾಷನಲ್ ಕಾಲೇಜಿನಲ್ಲೇ ಇಳಿದು ಆಟೋ ಹಿಡಿದು ಕೋಟೆ ಮೈದಾನಕ್ಕೆ ಹೋದರು. ಸಾಲಿನ ತುದಿಯ ಕುರ್ಚಿಯಲ್ಲಿ ಕೂತರು. ಪ್ರಧಾನ ರಾಗ ಶುರುವಾಗುವ ಮೊದಲೇ ಎದ್ದು ಬಂದರು.

ಇದನ್ನು ಸೋಲು ಎನ್ನುವವರಿದ್ದಾರೆ. ಸುರಂಗ ದಾಟಲಿಲ್ಲ, ಕಛೇರಿ ಪೂರ್ತಿ ಕೇಳಲಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಸಂಗೀತ, ಸಂಗೀತ ಸಿಕ್ಕಿತು. ಭಯವನ್ನು ಗೆಲ್ಲುವುದೇ ಗುರಿ ಎಂದು ಹೊರಟರೆ ಪ್ರತಿ ಸಂತೋಷವೂ ಭಯದ ಮೇಲಿನ ಯುದ್ಧವಾಗಿ ಮಾರ್ಪಡುತ್ತದೆ, ಹಾಡು ಕಿವಿಗೆ ಬೀಳುವುದೇ ಇಲ್ಲ. ತುದಿಯ ಕುರ್ಚಿಯಂಥ ಊರುಗೋಲುಗಳನ್ನು ಕ್ರಮೇಣ ಬಿಡಬೇಕು ಎಂದು ಚಿಕಿತ್ಸಕರು ಹೇಳುತ್ತಾರೆ, ಅದು ಸರಿಯೇ. ಶುರುವಿನಲ್ಲಿ ಮಾತ್ರ ಅವು ಇರಲಿ ಎಂಬುದು ನನ್ನ ಅಭಿಪ್ರಾಯ. ಮರುವರ್ಷ ಅವರು ಪ್ರಧಾನ ರಾಗದ ತನಿ ಆವರ್ತನ ಮುಗಿಯುವವರೆಗೆ ಕೂತಿದ್ದರು. ಆಟೋ ಮಾತ್ರ ನ್ಯಾಷನಲ್ ಕಾಲೇಜಿನಿಂದಲೇ.

ಹೋದ ಮೇಲೂ ಒಂದು ತೊಡಕಿದೆ. ಆತಂಕದವರು ಕಛೇರಿಯಲ್ಲಿ ಕೂತು ಒಳಗೇ ಕೇಳಿಕೊಳ್ಳುತ್ತಾರೆ: ಖುಷಿ ಆಗ್ತಿದೆಯಾ? ಮೊದಲಿನಷ್ಟು ಆಗ್ತಿದೆಯಾ? ಸಂತೋಷವನ್ನು ಹೀಗೆ ಅಳೆಯಲು ಹೊರಟರೆ ಅದು ಓಡಿಹೋಗುತ್ತದೆ. ಕ್ಯಾಲಿಫೋರ್ನಿಯಾದ ಮಿಶೆಲ್ ಕ್ರಾಸ್ಕ್ ಎಂಬ ವಿಜ್ಞಾನಿ ಮತ್ತು ಅವರ ತಂಡದವರು, ದುಗುಡ ಇಳಿಸುವುದನ್ನು ಮಾತ್ರ ನೋಡದೆ ಸಂತೋಷಪಡುವ ಶಕ್ತಿಯನ್ನೇ ಬೆಳೆಸುವ ಚಿಕಿತ್ಸೆಯೊಂದನ್ನು ರೂಪಿಸಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಖಿನ್ನತೆ ಆತಂಕ ಇದ್ದವರಿಗೆ ಅದರಿಂದ ಒಳ್ಳೆಯ ಫಲ ಕಂಡಿತು. ಅದರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಒಳ್ಳೆಯದೇನಾದರೂ ನಡೆದ ಮೇಲೆ, ಕಣ್ಣು ಮುಚ್ಚಿ, ಅದನ್ನು ಮತ್ತೆ ಮೊದಲಿನಿಂದ ವಿವರವಾಗಿ ನೆನೆಸಿಕೊಳ್ಳುವುದು. ಏನು ಕಂಡಿತು, ಏನು ಕೇಳಿತು, ಯಾವ ವಾಸನೆ ಇತ್ತು. ಆತಂಕದವರು ಕೆಟ್ಟ ಘಟನೆಯನ್ನು ಹೀಗೆ ರಾತ್ರಿಯೆಲ್ಲ ತಿರುವಿಹಾಕುವುದರಲ್ಲಿ ಪಳಗಿದವರು. ಆ ಪಳಗಿದ ಕೌಶಲವನ್ನು ಕೋಸಂಬರಿಯ ಮೇಲೆ, ಕಲ್ಯಾಣಿ ರಾಗದ ಮೇಲೆ ಬಳಸಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಧೈರ್ಯವಾಗಿ ಬರೆದವರಲ್ಲಿ ರಾಶಿ ಒಬ್ಬರು, ಡಾ. ಎಂ. ಶಿವರಾಂ. ಅವರ ‘ಮನಮಂಥನ’ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವೈದ್ಯರು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿ ಇಪ್ಪತ್ತೈದು ವರ್ಷ ನಡೆಸಿದರು. ರೋಗದ ಬಗ್ಗೆ ಬರೆಯುವ ಕೈಯೂ ನಗಿಸುವ ಕೈಯೂ ಒಂದೇ ಆಗಿತ್ತು. ನಮ್ಮ ಕಾಲದಲ್ಲಿ ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗಾಗಿ ನೂರಾರು ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಇಂಥವರಿಂದಾಗಿ ಕನ್ನಡ ಓದುವ ಮನೆಗಳಲ್ಲಿ ಈ ವಿಷಯವನ್ನು ಬಾಯಿಬಿಟ್ಟು ಆಡುವುದು ಸ್ವಲ್ಪ ಸುಲಭವಾಗಿದೆ.

ಮನೆಯವರಿಗೆ ಒಂದು ಮಾತು. “ಹೆದರಬೇಡ”, “ಅಷ್ಟಕ್ಕೆಲ್ಲ ಯಾರಾದರೂ ಗಾಬರಿಯಾಗ್ತಾರಾ”, “ಹೋದರೆ ಚೆನ್ನಾಗಿರುತ್ತೆ ಅಂತ ನಿನಗೇ ಗೊತ್ತಲ್ಲ” ಇವು ಪ್ರೀತಿಯ ಮಾತುಗಳೇ, ಆದರೆ ಇವುಗಳಿಗೆ ಉತ್ತರ ಕೊಡುವುದರಲ್ಲೇ ಆತಂಕದವರ ಶಕ್ತಿ ಮುಗಿದುಹೋಗುತ್ತದೆ. “ಚಪ್ಪಲಿ ಹಾಕ್ಕೋ, ಮೂಲೆ ಅಂಗಡಿ ತನಕ ಹೋಗೋಣ, ಅಲ್ಲಿಂದ ನೋಡೋಣ” ಎಂದು ಹೇಳಿ ನೋಡಿ. ವಾಪಸು ಬರಬೇಕೆಂದರೆ ತಕರಾರಿಲ್ಲದೆ ವಾಪಸು ಬನ್ನಿ. ಮುಖ್ಯವಾಗಿ, ನಾಳೆ ಮತ್ತೆ ಕೇಳಿ. ಒಂದು ಸಲ ಬೇಡ ಎಂದವರನ್ನು ಮತ್ತೆ ಕರೆಯದಿರುವುದು ನಮ್ಮಲ್ಲಿ ಮರ್ಯಾದೆ ಎಂದು ನಡೆದುಬಂದಿದೆ. ಆತಂಕ ಇರುವವರ ವಿಷಯದಲ್ಲಿ ಆ ಮರ್ಯಾದೆ ಬೇಡ. ಅವರ ‘ಬೇಡ’ ಆ ಹೊತ್ತಿನ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ, ಇದು ಎಲ್ಲರಿಗೂ ಸಾಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮನೆಯಿಂದ ಹೊರಗೆ ಕಾಲಿಡಲಾಗದಿದ್ದರೆ, ಇಷ್ಟದ ಕೆಲಸ ಎದುರಿಗಿದ್ದರೂ ವಾರಗಟ್ಟಲೆ ಏನೂ ಅನ್ನಿಸದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಬಂದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಮಹಾನಗರಗಳಲ್ಲಿ ಇನ್ನೂ ಹೆಚ್ಚು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ. ಔಷಧಿ ಕೊಟ್ಟರೆ ಅದು ಹಿಡಿಯಲು ಕೆಲವು ವಾರ ಬೇಕು. ಗುಣ ಕಂಡಿತೆಂದು ನಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ನಮ್ಮ ದಕ್ಷಿಣ ಬೆಂಗಳೂರಿನವರಿಗೆ ಸಹಾಯ ದೂರವಿಲ್ಲ. ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗಾಗಿ ಬಿಟಿಎಂ ಲೇಔಟಿನಲ್ಲಿ ಅವರದೇ ಕ್ಷೇಮಕೇಂದ್ರ ಇದೆ. ಬನ್ನೇರುಘಟ್ಟದ ಕಡೆ ಸಕಲವಾರದಲ್ಲಿ 1970ರ ದಶಕದಿಂದ ಅವರ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ನಡೆಯುತ್ತಿದೆ. ಮಾನಸಿಕ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಿಂದ ಹೊರಗೆ, ಹಳ್ಳಿಗಳಿಗೆ ಒಯ್ಯುವ ಕೆಲಸ ದೇಶದಲ್ಲಿ ಮೊದಮೊದಲು ನಡೆದ ಜಾಗಗಳಲ್ಲಿ ಅದೂ ಒಂದು.

ವೈದ್ಯರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಿದ್ದೆ, ಎದೆಬಡಿತ, ಹೊಟ್ಟೆಯ ತೊಳಸು ಇವನ್ನು ವೈದ್ಯರೇ ಕೇಳುತ್ತಾರೆ. ಯಾವ ಇಷ್ಟದ ಕೆಲಸ ಬಿಟ್ಟಿದ್ದೀರಿ, ಯಾವ ವರ್ಷದಿಂದ ಬಿಟ್ಟಿದ್ದೀರಿ, ಬಿಡುವ ಮುಂಚೆ ಏನು ಯೋಚನೆ ಬಂತು ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಚಿಕಿತ್ಸೆ ಎಲ್ಲಿಂದ ಶುರುವಾಗಬೇಕೆಂದು ತಿಳಿಯಲು ಅದರಿಂದ ಅವರಿಗೆ ಅನುಕೂಲವಾಗುತ್ತದೆ. ಹೋಗುವ ಮುಂಚೆ ಬರೀ ಮಾತಾಡಬೇಕು ಅನ್ನಿಸಿದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.